ಕೋವಿ ವಿಷಯ: ಇನ್ಸ್‌ಪೆಕ್ಟರ್ ಸಾಹೇಬರನ್ನು ಕೇಳಿ

ಅಡ್ಮಿನ್ (ಮನೆ 3): ಎಲ್ಲರಿಗೂ ನಮಸ್ಕಾರ. ಹೋದ ವಾರ ಪಕ್ಕದ ಲೇಔಟಿನಲ್ಲಿ ಹಿಂಬಾಗಿಲು ಮುರಿದು ಕಳ್ಳತನ ಆದಾಗಿನಿಂದ ನಮ್ಮ ಗ್ರೂಪಿನಲ್ಲಿ ಬರೀ ಬಂದೂಕು, ಲೈಸೆನ್ಸು, ಪೆಪ್ಪರ್ ಸ್ಪ್ರೇ ಮಾತು. ಮನೆ 6ರ ನಮ್ಮ ನಿವೃತ್ತ ಇನ್ಸ್‌ಪೆಕ್ಟರ್ ಸಾಹೇಬರು ಉತ್ತರ ಕೊಡಲು ಒಪ್ಪಿದ್ದಾರೆ. 34 ವರ್ಷ ಸರ್ವಿಸ್, ಬಹುಪಾಲು ಹಾಸನ, ಚಿಕ್ಕಮಗಳೂರು ಕಡೆ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಮಾರ್ನಿಂಗ್ ಚಿತ್ರ ಇಲ್ಲಿ ಹಾಕಬೇಡಿ.

ಮನೆ 22: ಸರ್ ನಮಸ್ಕಾರ. ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, 69 ವರ್ಷ, ಮಕ್ಕಳು ಹೊರದೇಶದಲ್ಲಿ, ಒಬ್ಬನೇ ಇದ್ದೇನೆ. ಒಂದು ರಿವಾಲ್ವರ್ ತಗೋಬೇಕು ಅಂತಿದ್ದೇನೆ. ಲೈಸೆನ್ಸ್ ಎಲ್ಲಿ ಸಿಗುತ್ತದೆ?

ಇನ್ಸ್‌ಪೆಕ್ಟರ್ (ಮನೆ 6): ನಮಸ್ಕಾರ. ಜಾಗ ಮೈಸೂರು ನಗರ ಕಮಿಷನರೇಟ್ ವ್ಯಾಪ್ತಿಯಲ್ಲಿದ್ದರೆ ಪೊಲೀಸ್ ಕಮಿಷನರ್ ಕೊಡುತ್ತಾರೆ, ಹೊರಗಿದ್ದರೆ ಜಿಲ್ಲಾಧಿಕಾರಿ. ಅರ್ಜಿ ಹಾಕಿದ ಮೇಲೆ ಸ್ಟೇಷನ್ನಿನಿಂದ ವಿಚಾರಣೆಗೆ ಬರುತ್ತಾರೆ. ದೇಹ, ಮನಸ್ಸು ಎರಡೂ ಸರಿ ಇದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಯಾಕೆ ಬೇಕು ಅಂತ ಕಾರಣ ಬರೆಯಬೇಕು. 'ಒಬ್ಬನೇ ಇದ್ದೇನೆ' ಅನ್ನುವುದೊಂದೇ ಸಾಮಾನ್ಯವಾಗಿ ಸಾಲುವುದಿಲ್ಲ. ಲೈಸೆನ್ಸ್ ಸಿಕ್ಕರೆ 5 ವರ್ಷಕ್ಕೆ, ಆಮೇಲೆ ರಿನ್ಯೂ.

ಈಗ ನೀವು ಕೇಳದ ಮಾತು ಒಂದು ಹೇಳುತ್ತೇನೆ. ರಾತ್ರಿ ಎರಡು ಗಂಟೆ. ಕರೆಂಟ್ ಇಲ್ಲ. ಕನ್ನಡಕ ಮೇಜಿನ ಮೇಲೆ. ರಿವಾಲ್ವರ್ ಬೀರುವಿನೊಳಗೆ, ಬೀರುವಿನ ಕೀಲಿ ದೇವರ ಮನೆಯಲ್ಲಿ. ಅಷ್ಟು ದೂರ ಬೇಡ ಅಂತ ದಿಂಬಿನ ಕೆಳಗಿಟ್ಟಿರಿ ಅನ್ನಿ, ಬೆಳಿಗ್ಗೆ ಹಾಸಿಗೆ ಮಡಚುವವಳ ಕೈಗೆ ಸಿಗುತ್ತದೆ. ಆ ದುಡ್ಡಿನಲ್ಲಿ ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿ, ಪಕ್ಕದ ಮನೆಯಲ್ಲಿ ಹೊಡೆದುಕೊಳ್ಳುವ ಹಾಗೆ ಒಂದು ಬೆಲ್ ಎಳೆಸಿ.

ಮನೆ 11: ಸರ್, ಮಂಗಗಳ ಕಾಟ ತುಂಬಾ ಇದೆ. ಏರ್ ಗನ್‌ಗೆ ಲೈಸೆನ್ಸ್ ಬೇಕಾ?

ಇನ್ಸ್‌ಪೆಕ್ಟರ್: 2016ರ ಆಯುಧ ನಿಯಮಗಳ ಪ್ರಕಾರ ನಳಿಗೆ 0.177 ಇಂಚಿಗಿಂತ ಹೆಚ್ಚಿದ್ದರೆ, ಅಥವಾ ಶಕ್ತಿ 20 ಜೌಲ್ ದಾಟಿದರೆ ಲೈಸೆನ್ಸ್ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬೇಡ, ಆದರೆ ಅಂಗಡಿಯವರಿಗೆ ಗುರುತಿನ ಚೀಟಿ ತೋರಿಸಬೇಕು. ಮಂಗನಿಗೆ ಹೊಡೆದರೆ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ಅದು ಬೇರೆಯೇ.

ಮನೆ 28: ಫಾರ್ವರ್ಡ್ ಬಂದಿದೆ, ಎಲ್ಲರೂ ಓದಿ. ಹೊಸ ಕಾನೂನಿನಂತೆ 60 ದಾಟಿದವರು ಆತ್ಮರಕ್ಷಣೆಗೆ ಲೈಸೆನ್ಸ್ ಇಲ್ಲದೆ ಒಂದು ಪಿಸ್ತೂಲು ಇಟ್ಟುಕೊಳ್ಳಬಹುದಂತೆ. ಹಿರಿಯರಿಗೆ ಸರ್ಕಾರದ ಕೊಡುಗೆ. 🙏🙏

ಇನ್ಸ್‌ಪೆಕ್ಟರ್: ಸುಳ್ಳು. ಹಾಗೆ ಯಾವ ಕಾನೂನೂ ಇಲ್ಲ. 2019ರ ತಿದ್ದುಪಡಿ ಇನ್ನೂ ಬಿಗಿ ಮಾಡಿದೆ. ಮೊದಲು ಒಬ್ಬರು ಮೂರು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಈ ಫಾರ್ವರ್ಡ್ ನಂಬಿ ಪಿಸ್ತೂಲು ಕೊಂಡವನು ಜೈಲಿನಲ್ಲಿ ಕೂತಾಗ ಕಳಿಸಿದವರು ನೋಡಲು ಬರುವುದಿಲ್ಲ. ದಯವಿಟ್ಟು ಅಳಿಸಿ.

ಮನೆ 28: ನಾನು ಬರೆದದ್ದಲ್ಲ ಸಾರ್, ಬಂದಿದ್ದನ್ನು ಹಾಕಿದೆ ಅಷ್ಟೇ.

ಮನೆ 17: ಕಳ್ಳ ಮನೆಯೊಳಗೇ ಬಂದುಬಿಟ್ಟರೆ ಹೊಡೆಯಬಹುದಾ ಸಾರ್? ಕಾನೂನು ಏನು ಹೇಳುತ್ತೆ? ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದವನು, ಸ್ಪಷ್ಟವಾಗಿ ಹೇಳಿದರೆ ಅರ್ಥ ಆಗುತ್ತೆ.

ಇನ್ಸ್‌ಪೆಕ್ಟರ್: ಮೇಷ್ಟ್ರೇ, 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯವು. ರಾತ್ರಿ ಮನೆ ಮುರಿದು ಒಳಗೆ ಬಂದವನ ವಿಷಯ 41ರಲ್ಲಿದೆ, ಅಂಥ ಹೊತ್ತಿನಲ್ಲಿ ಪ್ರಾಣ ಹೋಗುವ ಮಟ್ಟಿಗೂ ಹಕ್ಕು ಇದೆ. ಆದರೆ 37 ಓದಿಕೊಳ್ಳಿ, ಅಗತ್ಯಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಕ್ಕು ಯಾರಿಗೂ ಇಲ್ಲ. ಕಾಂಪೌಂಡ್ ಹಾರಿ ಓಡುತ್ತಿರುವವನ ಬೆನ್ನಿಗೆ ಈಡು ಬಿದ್ದರೆ ಯಾವ ಕಲಮೂ ನಿಮ್ಮನ್ನು ಕಾಯುವುದಿಲ್ಲ. ಅಗತ್ಯ ಇತ್ತು ಅಂತ ಕೋರ್ಟಿನಲ್ಲಿ ತೋರಿಸುವ ಹೊಣೆ ನಿಮ್ಮದು, ವರ್ಷಗಟ್ಟಲೆ.

ಮನೆ 33: ಅದಕ್ಕೇ ಹೇಳೋದು, ಹೊರಗೆ ಬಿದ್ದರೆ ಒಳಗೆ ಎಳೆದು ಹಾಕಿಬಿಡಬೇಕು. ಆಗ ಕೇಸೇ ಆಗಲ್ಲ ಅಂತ ನಮ್ಮ ಭಾವ ಹೇಳ್ತಾರೆ. 😀

ಇನ್ಸ್‌ಪೆಕ್ಟರ್: ನಿಮ್ಮ ಭಾವನಿಗೆ ಹೇಳಿ, ಅದು ಸಾಕ್ಷ್ಯ ನಾಶ, ಅದಕ್ಕೇ ಬೇರೆ ಶಿಕ್ಷೆ ಇದೆ. ಎಳೆದ ರಕ್ತದ ಗೆರೆ ಒರೆಸಿದರೆ ಹೋಗುವುದಿಲ್ಲ. ನಾನು ನೋಡಿದ್ದೇನೆ. ಇಂಥ ತಮಾಷೆ ಇಲ್ಲಿ ಬೇಡ.

ಅಡ್ಮಿನ್: ಒಬ್ಬ ಸದಸ್ಯರ ಮಗಳು ನನಗೆ ಪರ್ಸನಲ್ ಆಗಿ ಕಳಿಸಿದ ಪ್ರಶ್ನೆ ಇದು. ಹೆಸರು, ಮನೆ ನಂಬರ್ ಬೇಡ ಎಂದಿದ್ದಾರೆ. ಹಾಗೇ ಹಾಕುತ್ತಿದ್ದೇನೆ.

"ಸರ್, ನಮ್ಮ ತಂದೆಗೆ 78. ಮಲೆನಾಡಿನಲ್ಲಿ ಕಾಫಿ ತೋಟ ಇತ್ತು, ಎರಡು ವರ್ಷದ ಹಿಂದೆ ಮಾರಿ ಇಲ್ಲಿಗೆ ಬಂದರು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಜೋಡು ನಳಿಗೆ ಕೋವಿ ಜೊತೆಗೇ ಬಂತು. ಮಂಚದ ಪಕ್ಕದ ಬೀರುವಿನಲ್ಲಿ ಗೋಣಿ ಸುತ್ತಿ ನಿಲ್ಲಿಸಿದ್ದಾರೆ. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಈಗ ಒಂದು ತಿಂಗಳಿಂದ ರಾತ್ರಿ ಎದ್ದು ಹಿತ್ತಲಲ್ಲಿ ಯಾರೋ ಓಡಾಡುತ್ತಾರೆ ಅಂತ ಕೂಗುತ್ತಾರೆ. ಬೆಳಿಗ್ಗೆ ಕೇಳಿದರೆ ಒಂದೊಂದು ದಿನ ನೆನಪೇ ಇರುವುದಿಲ್ಲ. ನಾನು ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುತ್ತೇನೆ. ಕೋವಿ ಮಾತೆತ್ತಿದರೆ ಸಿಟ್ಟು. ಅವರಿಗೆ ಗೊತ್ತಾಗದ ಹಾಗೆ ನಾನೇ ಕಾರಿನಲ್ಲಿ ಹಾಕಿಕೊಂಡು ಹೋಗಬಹುದಾ?"

ಇನ್ಸ್‌ಪೆಕ್ಟರ್: ಅಡ್ಮಿನ್ ಅವರೇ, ಅವರನ್ನು ಕೇಳಿ ಹೇಳಿ. ಅಪ್ಪ ಕೂಗುವುದು ರಾತ್ರಿ ಎಷ್ಟು ಗಂಟೆಗೆ? ಈಗಲೇ ಬೇಕು.

ಅಡ್ಮಿನ್: ಒಂದೂವರೆ, ಎರಡರ ಹತ್ತಿರ ಅಂತೆ.

ಇನ್ಸ್‌ಪೆಕ್ಟರ್: ನಾನು ಅಂದುಕೊಂಡದ್ದೇ ಆಯಿತು. ನಮ್ಮ ನೈಟ್ ಗಾರ್ಡ್ ಒಂದೂವರೆಗೆ ಟಾರ್ಚ್ ಹಿಡಿದು ಹಿಂದಿನ ಓಣಿಯಲ್ಲಿ ಬೀಟ್ ಹೋಗುತ್ತಾನೆ. ಅಮ್ಮಾ, ನಿಮ್ಮ ತಂದೆಗೆ ಕಾಣುತ್ತಿರುವುದು ಸುಳ್ಳಲ್ಲದೆ ಇರಬಹುದು. ಅಲ್ಲಿ ನಿಜವಾಗಿಯೂ ಒಬ್ಬ ಮನುಷ್ಯ ಇದ್ದಾನೆ. ನನಗೆ ಹೆದರಿಕೆ ಇರುವುದು ಅದಕ್ಕೇ. ಆ ಹುಡುಗನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವರ್ಷ. ಅಡ್ಮಿನ್, ಇವತ್ತು ರಾತ್ರಿಯಿಂದ ಗಾರ್ಡ್ ಹಿಂದಿನ ಓಣಿಗೆ ಹೋಗುವುದು ಬೇಡ. ಮುಂದಿನ ರಸ್ತೆಯಲ್ಲೇ ಸೀಟಿ ಊದಿಕೊಂಡು ಹೋಗಲಿ. ಯಾವ ಮನೆ ಅಂತ ಅವನಿಗೂ ಹೇಳಬೇಕಿಲ್ಲ.

ಈಗ ನಿಮ್ಮ ಪ್ರಶ್ನೆ. ಕದ್ದು ತೆಗೆದುಕೊಂಡು ಹೋಗಬೇಡಿ. ಲೈಸೆನ್ಸ್ ಅವರ ಹೆಸರಿನಲ್ಲಿದೆ, ನಿಮ್ಮ ಹೆಸರಿನಲ್ಲಿ ಇಲ್ಲ. ಲೈಸೆನ್ಸ್ ಇರುವವರು ಜೊತೆಗಿದ್ದರೆ, ಇಲ್ಲವೇ ರಿಪೇರಿಗೋ ರಿನ್ಯೂಗೋ ಅಂತ ಅವರೇ ಬರೆದುಕೊಟ್ಟಿದ್ದರೆ ಬೇರೆಯವರು ಸಾಗಿಸಬಹುದು. ಅದು ಬಿಟ್ಟು ನೀವೊಬ್ಬರೇ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟರೆ ದಾರಿಯಲ್ಲಿ ಸಿಕ್ಕಿಬೀಳುವುದು ನೀವು. ಅದಕ್ಕಿಂತ ಮುಖ್ಯ, ರಾತ್ರಿ ಎದ್ದು ಬೀರು ತೆರೆದಾಗ ಕೋವಿ ಇಲ್ಲದಿದ್ದರೆ ಮನೆಗೆ ಕಳ್ಳ ಬಂದಿದ್ದ ಅನ್ನುವುದು ಅವರಿಗೆ ಖಾತ್ರಿಯೇ ಆಗಿಬಿಡುತ್ತದೆ. ಆಮೇಲೆ ಕತ್ತಿ ಹಿಡಿದು ಕೂರುತ್ತಾರೆ. ಸಕಲೇಶಪುರದ ಕಡೆ ಇದ್ದಾಗ ಒಂದು ಮನೆಯಲ್ಲಿ ಹೀಗೇ ಆಗಿತ್ತು.

ಕಾನೂನಿನಲ್ಲಿ ಒಂದು ಒಳ್ಳೆ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2016ರ ನಿಯಮಗಳಲ್ಲಿ 25ನೇದು. ಲೈಸೆನ್ಸ್‌ದಾರರಿಗೆ 70 ತುಂಬಿದರೆ, ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ಯಾವುದು ಮೊದಲೋ ಅದು, ಬದುಕಿರುವಾಗಲೇ ತಮ್ಮ ವಾರಸುದಾರರಲ್ಲಿ ಒಬ್ಬರ ಹೆಸರು ಕೊಟ್ಟು ಅವರಿಗೆ ಲೈಸೆನ್ಸ್ ಕೇಳಬಹುದು. ಆ ವಾರಸುದಾರ ಅರ್ಜಿ, ವಿಚಾರಣೆ ಎಲ್ಲ ದಾಟಬೇಕು, ಸುಮ್ನೆ ಸಿಗುವುದಿಲ್ಲ. ಆದರೆ ಅಪ್ಪನ ಹತ್ತಿರ ಮಾತು ಶುರು ಮಾಡಲು ಇದು ಒಳ್ಳೆ ಬಾಗಿಲು. 'ನಿಮ್ಮ ಕೈಯಲ್ಲಿ ಇನ್ನು ಆಗಲ್ಲ, ಕೊಡಿ' ಅಂದರೆ ಯಾವ ಪ್ಲಾಂಟರೂ ಕೊಡುವುದಿಲ್ಲ. 'ಅಪ್ಪಾ, ನೀವಿರುವಾಗಲೇ ಯಾರಿಗೆ ಅಂತ ನೀವೇ ತೀರ್ಮಾನ ಮಾಡಿ' ಅಂತ ಕೇಳಿ ನೋಡಿ. ತೋಟ ಹೋಯಿತು, ಹೆಂಡತಿ ಹೋದರು. ಅವರಿಗೆ ಉಳಿದಿರುವುದು ಆ ಕೋವಿ ಒಂದೇ. ಅದು ಗೊತ್ತಿಟ್ಟುಕೊಂಡು ಮಾತಾಡಿ. ಬೆಳಿಗ್ಗೆ, ಕಾಫಿ ಕುಡಿದ ಮೇಲೆ. ರಾತ್ರಿ ಹೊತ್ತು ಆ ಮಾತೇ ಬೇಡ.

ಅಲ್ಲಿಯವರೆಗೆ ಕೋವಿ ಸ್ಟೇಷನ್ನಿನಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಠೇವಣಿ ಇರಲಿ, ರಸೀದಿ ಪಡೆಯಿರಿ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್, ಬೆಳೆಯೇ ಇಲ್ಲ ಅಂದ ಮೇಲೆ ಆ ಕಾರಣವೂ ಹೋಯಿತು. ಊರು ಬದಲಾದದ್ದನ್ನು ಲೈಸೆನ್ಸ್ ಕೊಟ್ಟ ಕಚೇರಿಗೂ ಇಲ್ಲಿಗೂ ತಿಳಿಸಿದ್ದಾರಾ ನೋಡಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅಮ್ಮ ಹೋದ ಮೇಲೆ 'ನಾನು ಯಾಕಿರಬೇಕು' ಅಂತ ಏನಾದರೂ ಹೇಳುತ್ತಾರಾ? ನೇರವಾಗಿ ಕೇಳಿ, ಕೇಳಿದರೆ ತಲೆಗೆ ಹಾಕಿದ ಹಾಗೆ ಆಗುವುದಿಲ್ಲ. ಕೋವಿ ಇರುವ ಮನೆಯಲ್ಲಿ ನಾನು ಜಾಸ್ತಿ ಪಂಚನಾಮೆ ಬರೆದದ್ದು ಕಳ್ಳರದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆ 9: ನಾನು ನರ್ಸ್ ಆಗಿದ್ದವಳು, ಒಂದು ಸೇರಿಸುತ್ತೇನೆ. ವಯಸ್ಸಾದವರಿಗೆ ಹೀಗೆ ಒಂದೇ ತಿಂಗಳಲ್ಲಿ ರಾತ್ರಿ ಗಲಿಬಿಲಿ ಶುರುವಾದರೆ ಮರೆವಿನ ಕಾಯಿಲೆ ಅಂತಲೇ ಕೂರಬೇಡಿ. ಮೂತ್ರದ ಸೋಂಕು ಇದ್ದರೂ ಹೀಗೆ ಆಗುತ್ತದೆ, ಹೊಸ ಮಾತ್ರೆಯಿಂದಲೂ ಆಗುತ್ತದೆ. ಬೇಗ ಡಾಕ್ಟರಿಗೆ ತೋರಿಸಿ. ಕುಡಿಯುತ್ತಿರುವ ಎಲ್ಲ ಮಾತ್ರೆ ಚೀಟಿ ಸಮೇತ ತೆಗೆದುಕೊಂಡು ಹೋಗಿ.

ಇನ್ಸ್‌ಪೆಕ್ಟರ್: ಸಿಸ್ಟರ್, ಧನ್ಯವಾದ. ಇದು ನನಗೆ ಗೊತ್ತಿರಲಿಲ್ಲ.

ಮನೆ 28: ರಾತ್ರಿ ಮಲಗುವಾಗ ಬ್ರಾಹ್ಮಿ ಎಲೆ ರಸಕ್ಕೆ ಜೇನು ಸೇರಿಸಿ ಕೊಟ್ಟರೆ 21 ದಿನದಲ್ಲಿ ಮರೆವು ಪೂರ್ತಿ ವಾಸಿ. ವೀಡಿಯೊ ಹಾಕಿದ್ದೇನೆ.

ಇನ್ಸ್‌ಪೆಕ್ಟರ್: ಇಪ್ಪತ್ತೊಂದು ದಿನ ಕೋವಿ ಬೀರುವಿನಲ್ಲಿ ಕಾಯುತ್ತಾ ಇರಬೇಕಾ? ಸುಮ್ನಿರಿ ಸ್ವಾಮಿ.

ಮನೆ 33: ಮಲೆನಾಡು, ಕಾಫಿ ತೋಟ, 78... ನಮ್ಮ ಕ್ರಾಸಿನಲ್ಲಿ ಅಂಥವರು ಒಬ್ಬರೇ ಇರೋದು ಅಲ್ವಾ?

ಅಡ್ಮಿನ್: ದಯವಿಟ್ಟು ಯಾರೂ ಹುಡುಕಬೇಡಿ. ಅದಕ್ಕೇ ಹೆಸರು ಹಾಕಿಲ್ಲ.

ಮನೆ 33: ನಾನು ಹೆಸರು ಹೇಳಿದೆನಾ?

ಮನೆ 17: ಹುಡುಕುವುದು ತಪ್ಪೇನು? ನನ್ನ ಮೊಮ್ಮಕ್ಕಳು ರಜೆಗೆ ಬಂದರೆ ಹಿಂದಿನ ಓಣಿಯಲ್ಲೇ ಆಡುವುದು. ಯಾವ ಮನೆಯಲ್ಲಿ ಕೋವಿ ಇದೆ ಅಂತ ನಮಗೆ ಗೊತ್ತಿರಬೇಡವಾ? ಸಂಘದ ಬೈಲಾಗೆ ಒಂದು ಸಾಲು ಸೇರಿಸಿ, ಈ ಲೇಔಟಿನಲ್ಲಿ ಬಂದೂಕು ಇಡುವಂತಿಲ್ಲ ಅಂತ.

ಮನೆ 40: ಮೇಷ್ಟ್ರೇ, ನಾನು ಫೌಜಿನಲ್ಲಿ 28 ವರ್ಷ ಇದ್ದವನು. ನನ್ನ ಹತ್ತಿರ ಲೈಸೆನ್ಸ್ ಇರುವ ಪಿಸ್ತೂಲು ಇದೆ, ಸೇಫಿನಲ್ಲಿದೆ, ಗುಂಡು ಬೇರೆ ಕಡೆ ಇದೆ. ನನ್ನ ಮನೆಯಲ್ಲಿ ಏನಿರಬೇಕು ಅಂತ ಸಂಘ ಹೇಳುವುದು ಬೇಡ. ಸಂಘಕ್ಕೆ ಬೀದಿ ದೀಪ ಹಾಕಿಸಲೇ ಆಗಿಲ್ಲ.

ಮನೆ 17: ಕರ್ನಲ್ ಸಾಹೇಬರೇ, ನಿಮ್ಮ ಮಾತು ಸರಿ. ಎಲ್ಲರೂ ನಿಮ್ಮಂತೆ ಇರುತ್ತಾರಾ?

ಮನೆ 40: ನಾನು ಕರ್ನಲ್ ಅಲ್ಲ, ಸುಬೇದಾರ್ ಮೇಜರ್. ಮೂರು ವರ್ಷದಿಂದ ಹೇಳುತ್ತಾ ಇದ್ದೇನೆ.

ಇನ್ಸ್‌ಪೆಕ್ಟರ್: ಬೈಲಾದಿಂದ ಯಾರ ಲೈಸೆನ್ಸೂ ರದ್ದಾಗುವುದಿಲ್ಲ. ಅದು ಲೈಸೆನ್ಸ್ ಕೊಟ್ಟ ಅಧಿಕಾರಿಯ ಕೆಲಸ, ಆಯುಧ ಕಾಯ್ದೆ 17ನೇ ಕಲಮು. ಅಪಾಯ ಕಂಡರೆ ಸ್ಟೇಷನ್ನಿಗೆ ಬರೆದು ಕೊಡಿ. ಸುಬೇದಾರ್ ಸಾಹೇಬರು ಇಟ್ಟಿರುವ ರೀತಿ ಸರಿಯಾಗಿದೆ.

ಮನೆ 14: ನಾವು ಕೊಡವರು. ನಮ್ಮಲ್ಲಿ ಕೋವಿ ಅಂದರೆ ಬರೀ ಆಯುಧ ಅಲ್ಲ, ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುತ್ತೇವೆ. ನಮಗೆ ಲೈಸೆನ್ಸೇ ಬೇಡ, ವಿನಾಯಿತಿ ಇದೆ. ಬೈಲಾ ಗೀಲಾ ಅಂತ ಹೇಳುವ ಮೊದಲು ಸ್ವಲ್ಪ ತಿಳಿದುಕೊಳ್ಳಿ.

ಇನ್ಸ್‌ಪೆಕ್ಟರ್: ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ತಲೆತಲಾಂತರದಿಂದ ಜಮ್ಮಾ ಜಮೀನು ಇರುವವರು) ವಿನಾಯಿತಿ ಇದೆ, ಸದ್ಯ 2029ರ ಅಕ್ಟೋಬರ್ 31ರವರೆಗೆ. ಹೈಕೋರ್ಟ್ ಕೂಡ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ವಿನಾಯಿತಿ ಲೈಸೆನ್ಸಿಗೆ, ಜೋಪಾನಕ್ಕಲ್ಲ. ಕೊಡಗು ಬಿಟ್ಟು ಇಲ್ಲೇ ನೆಲೆಸಿದ್ದರೆ ಮಡಿಕೇರಿಯ ಡಿಸಿ ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ.

ಮನೆ 5: ನನ್ನ ತಮ್ಮ ಫ್ಲೋರಿಡಾದಲ್ಲಿ ಇಂಥದ್ದೇ ಸೀನಿಯರ್ ಕಾಲೊನಿಯಲ್ಲಿದ್ದಾನೆ. ಅಲ್ಲಿ 2023ರ ಜುಲೈಯಿಂದ ಪರ್ಮಿಟ್ ಇಲ್ಲದೆಯೂ ಬಟ್ಟೆಯೊಳಗೆ ಗನ್ ಇಟ್ಟುಕೊಂಡು ಓಡಾಡಬಹುದು. ಗಾಲ್ಫ್ ಆಡುವ ಮುದುಕರ ಹತ್ತಿರವೂ ಇರುತ್ತದಂತೆ. ನಾವಿನ್ನೂ ಗ್ರಿಲ್ಲು, ಬೆಲ್ಲು ಅಂತ ಕೂತಿದ್ದೇವೆ.

ಮನೆ 17: ನಿಮ್ಮ ತಮ್ಮನ ಹತ್ತಿರವೇ ಹೋಗಿ ಇರಿ.

ಮನೆ 5: ಇದೇನು ಮಾತು ಮೇಷ್ಟ್ರೇ? ಮಾತಿಗೊಂದು ಮಾತು ಹೇಳಿದರೆ ಹೀಗಾ?

ಮನೆ 11: ಸರ್ ಆನ್‌ಲೈನಲ್ಲಿ ಏರ್ ಗನ್ ನೋಡಿದೆ, ಅದಕ್ಕೆ ಲೈಸೆನ್ಸ್ ಬೇಕಾ?

ಇನ್ಸ್‌ಪೆಕ್ಟರ್: ಮೇಲೆ ಹೇಳಿದ್ದೇನೆ.

ಮನೆ 26: ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಬಹುದಾ ಸರ್? ನಾನು ಮತ್ತು ನಮ್ಮಕ್ಕ ಇಬ್ಬರೇ ಇರುವುದು.

ಇನ್ಸ್‌ಪೆಕ್ಟರ್: ಇಟ್ಟುಕೊಳ್ಳಿ, ಲೈಸೆನ್ಸ್ ಬೇಡ. ಡಬ್ಬಿಯ ಮೇಲಿನ ತಾರೀಖು ನೋಡಿ. ಕೋಣೆಯೊಳಗೆ ಹೊಡೆದರೆ ನಿಮ್ಮಿಬ್ಬರಿಗೂ ಕಣ್ಣುರಿ. ಅದಕ್ಕಿಂತ ಮೊದಲು ಕೀಲಿ ತುಳಸಿ ಕುಂಡದ ಕೆಳಗೆ ಇಡುವುದನ್ನು ಬಿಡಿ. ಕಳ್ಳರು ಮೊದಲು ನೋಡುವುದು ಅಲ್ಲೇ. ಊರಿಗೆ ಹೋಗುವಾಗ ಹಾಲು, ಪೇಪರ್ ನಿಲ್ಲಿಸಿ. 112 ಫೋನಿನಲ್ಲಿ ಮೊದಲನೇ ನಂಬರ್ ಆಗಿರಲಿ. ಮತ್ತೆ, ಈಗ ನಮ್ಮಂಥವರ ದುಡ್ಡು ಹೋಗುತ್ತಿರುವುದು ಹಿಂಬಾಗಿಲಿನಿಂದಲ್ಲ, ಫೋನಿನಿಂದ. 'ಡಿಜಿಟಲ್ ಅರೆಸ್ಟ್' ಅಂತ ಯಾವನಾದರೂ ವೀಡಿಯೊ ಕಾಲ್ ಮಾಡಿದರೆ ಕಟ್ ಮಾಡಿ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930.

ಮನೆ 19: ಮುಂದಿನ ಚುನಾವಣೆಗೆ ಮತ್ತೆ ಕೋವಿ ಒಪ್ಪಿಸಬೇಕಾ? ಹೋದ ಸಲ ವಾಪಸ್ ಬಂದಾಗ ಹಿಡಿಯಲ್ಲಿ ಗೀರು ಬಿದ್ದಿತ್ತು.

ಇನ್ಸ್‌ಪೆಕ್ಟರ್: ಆದೇಶ ಬಂದರೆ ಒಪ್ಪಿಸಬೇಕು. ವಿನಾಯಿತಿ ಬೇಕಿದ್ದರೆ ಜಿಲ್ಲಾ ಸ್ಕ್ರೀನಿಂಗ್ ಕಮಿಟಿಗೆ ಅರ್ಜಿ. ಕೊಡುವಾಗ ಫೋಟೊ ತೆಗೆದುಕೊಳ್ಳಿ.

ಮನೆ 30: ಮಗ ಅಮೆರಿಕಾದಿಂದ ಬರುವಾಗ ಕರೆಂಟ್ ಶಾಕ್ ಕೊಡುವ ಗನ್ ತರುತ್ತಾನಂತೆ, ತರಬಹುದಾ?

ಅಡ್ಮಿನ್: ಸಾಹೇಬರೇ, ಆ ಮಗಳು ಇನ್ನೊಂದು ಕಳಿಸಿದ್ದಾರೆ. ಅಪ್ಪ ಮಧ್ಯಾಹ್ನ ಮಲಗಿದ್ದಾಗ ಲೈಸೆನ್ಸ್ ಪುಸ್ತಕ ನೋಡಿದರಂತೆ. ಕಡೆಯ ಸಲ ಹತ್ತು ತೋಟಾ (ಕೋವಿಯ ಗುಂಡು) ಕೊಂಡದ್ದು ಬರೆದಿದೆ. ಡಬ್ಬಿಯಲ್ಲಿ ಎಂಟಿವೆ. ಅಪ್ಪ ಇಲ್ಲಿಗೆ ಬಂದ ಮೇಲೆ ಒಂದೂ ಹೊಡೆದಿಲ್ಲ ಅಂತ ಅವರು ಹೇಳುತ್ತಾರೆ.

ಇನ್ಸ್‌ಪೆಕ್ಟರ್: ಉಳಿದ ಎರಡು ಕೋವಿಯೊಳಗೇ ಇವೆ ಅಂತ ಇಟ್ಟುಕೊಳ್ಳಿ. ಅದು ಕುದುರೆ, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆ, ಹೊರಗೆ ಕಾಣುವ ಕೋವಿಯಾ, ಒಳಗಿರುವುದಾ ಕೇಳಿ. ಒಳಗಿದ್ದರೆ ಎಳೆದಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಅವರು ಕೋವಿ ಮುಟ್ಟುವುದು ಬೇಡ, ಗೋಣಿ ಬಿಚ್ಚುವುದೂ ಬೇಡ. ಹಳೇ ಕಾಗದದ ತೋಟಾ ಆಗಿದ್ದರೆ ಮಲೆನಾಡಿನ ಮಳೆಗೆ ಉಬ್ಬಿ ನಳಿಗೆಯಲ್ಲಿ ಕಚ್ಚಿಕೊಂಡಿರುತ್ತದೆ, ಚಾಕು ಹಾಕಿ ಮೀಟುವವರನ್ನು ನೋಡಿದ್ದೇನೆ, ಒಬ್ಬನಿಗೆ ಮೂರು ಬೆರಳು ಹೋಗಿತ್ತು. ಅವರ ನಂಬರ್ ನನಗೆ ಕಳಿಸಿ. ಈಗಲೇ.

ಮನೆ 28: ಬಾಗಿಲ ಹತ್ತಿರ ಖಾರದ ಪುಡಿ ಕಟ್ಟಿದ ದಾರ ಎಳೆದರೆ ಕಳ್ಳ ಕಣ್ಣು ಮುಚ್ಚಿಕೊಂಡು ಓಡುತ್ತಾನೆ. ಬಡವರ ಅಲಾರಂ. ಎಲ್ಲರಿಗೂ ಹಂಚಿ 🙏

ಮನೆ 9: ಬೆಳಿಗ್ಗೆ ಹಾಲು ಹಾಕುವವನ ಕಣ್ಣಿಗೆ ಬಿದ್ದರೆ?

ಇನ್ಸ್‌ಪೆಕ್ಟರ್: ಇವರನ್ನು ಯಾರಾದರೂ ಗ್ರೂಪಿನಿಂದ ಸ್ವಲ್ಪ ಹೊತ್ತು ಹೊರಗಿಡಿ.

ಮನೆ 28: ಪೊಲೀಸ್ ದರ್ಪ ನಿವೃತ್ತಿಯಾದರೂ ಹೋಗಿಲ್ಲ. ನಾನೇ ಹೊರಡುತ್ತೇನೆ.

ಮನೆ 28 ಗ್ರೂಪ್ ಬಿಟ್ಟಿದ್ದಾರೆ.

ಮನೆ 33: ಒಳ್ಳೆ ಮನುಷ್ಯ, ಗಣಪತಿ ಹಬ್ಬಕ್ಕೆ ಎಲ್ಲರಿಗಿಂತ ಜಾಸ್ತಿ ಚಂದಾ ಕೊಟ್ಟವರು. ಹೀಗಾಗಬಾರದಿತ್ತು.

ಮನೆ 40: ಚಂದಾ ಕೊಟ್ಟರೆ ಏನು ಬೇಕಾದರೂ ಹಾಕಬಹುದಾ?

ಅಡ್ಮಿನ್: (ಮರುದಿನ) ಆ ಮಗಳ ಮೆಸೇಜ್, ಅವರ ಒಪ್ಪಿಗೆಯಿಂದ. "ಸರ್, ಬೆಳಿಗ್ಗೆ ನೀವು ಹೇಳಿದ ಹಾಗೇ ಕೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಣ್ಣನ ಮಗನ ಹೆಸರು ಹೇಳಿದರು. ಸ್ಟೇಷನ್ನಿನವರ ಜೊತೆ ನೀವು ಬಂದದ್ದು ಒಳ್ಳೆಯದಾಯಿತು, ನನ್ನೊಬ್ಬಳಿಂದ ಆಗುತ್ತಿರಲಿಲ್ಲ. ತೋಟಾ ತೆಗೆದ ಮೇಲೆ ಅಪ್ಪ ಎಣ್ಣೆ ಬಟ್ಟೆ ಕೇಳಿ ತರಿಸಿಕೊಂಡು ನಳಿಗೆ ಒರೆಸಿದರು, ಕೊಳಕಾಗಿ ಕೊಡಬಾರದು ಅಂತ. ರಸೀದಿಯಲ್ಲಿ ಕೋವಿ ನಂಬರಿನ ಒಂದು ಅಂಕಿ ತಪ್ಪು ಬರೆದಿದ್ದರು. ಅದನ್ನು ಹಿಡಿದದ್ದೂ ಅಪ್ಪನೇ, ಪುಸ್ತಕ ನೋಡದೆ. ನಾಳೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ."

ಮನೆ 17: ಎರಡು ತೋಟಾ ಒಳಗೇ ಇತ್ತಾ?

ಇನ್ಸ್‌ಪೆಕ್ಟರ್: ಇತ್ತು. ಗಾರ್ಡ್ ಇನ್ನು ಹಿಂದಿನ ಓಣಿಗೆ ಹೋಗಬಹುದು. ಸೀಟಿ ಊದಿಕೊಂಡೇ ಹೋಗಲಿ. ನಾನು ಎರಡು ದಿನ ಊರಲ್ಲಿರುವುದಿಲ್ಲ.

ಮನೆ 30: ಸರ್, ಶಾಕ್ ಗನ್ ಬಗ್ಗೆ ಹೇಳಲೇ ಇಲ್ಲ.

ಮನೆ 11: ಏರ್ ಗನ್‌ಗೂ ಲೈಸೆನ್ಸ್ ಬೇಕಾ ಅಂತ ಯಾರಿಗಾದರೂ ಗೊತ್ತಾ?